ಎದ್ದು ಓಡಿದವನು

ಪ್ಯಾರಿಸ್ಸಿನ ಅಂಚಿನ ಆ ಕಾರ್ಖಾನೆಯಲ್ಲಿ ಹೆಂಗಸರು ಸಾಲಾಗಿ ಕೂತು ಸಿನಿಮಾ ರೀಲಿಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಕ್ಲೆಮಾನ್ಸಳದು ಕೆಂಪು. ಉಗುರಿಗಿಂತ ತುಸು ದೊಡ್ಡದಾದ ಚಿತ್ರವನ್ನು ಬೆಳಕಿನ ಗಾಜಿನ ಮೇಲಿಟ್ಟು, ಭೂತಗನ್ನಡಿಯಲ್ಲಿ ನೋಡುತ್ತ, ಕೂದಲಿನಂಥ ಕುಂಚದಿಂದ ಹಚ್ಚಬೇಕು. ಮುಗಿಯಿತೆನ್ನುವಾಗ ಮುಂದಿನ ಚಿತ್ರ. ಅದೇ ಮನುಷ್ಯ, ಅದೇ ಬಟ್ಟೆ, ಒಂದೆಳೆ ಸರಿದಿರುತ್ತಾನೆ ಅಷ್ಟೆ.

೧೯೦೭ರ ಫೆಬ್ರವರಿ ಅದು. ಅವಳ ಗಂಡ ತಿಯೊದೂಲ್ ತೀರಿಕೊಂಡದ್ದು ಚಳಿಗಾಲದ ಆರಂಭದಲ್ಲಿ. ಮನೆಗಳ ಮಾಡಿಗೆ ಕಲ್ಲುಹಲಗೆ ಹೊದಿಸುತ್ತಿದ್ದವನು. ಎತ್ತರವೆಂದರೆ ಅವನಿಗೆ ಮನೆಯಂಗಳವಿದ್ದಂತೆ. ಅದನ್ನು ಕಂಡೇ ಈ ಕಾರ್ಖಾನೆ ನಡೆಸುವ ಸಿನಿಮಾ ಕಂಪನಿಯವರು ನಾಯಕನಟನ ಬದಲಿಗೆ ಜಿಗಿಯಲು ಅವನನ್ನು ಕರೆದುಕೊಂಡಿದ್ದರು. "ಸಾಮಾನಿನ ಕೋಣೇಲಿ ಏಣಿಯಿಂದ ಜಾರಿಬಿಟ್ಟ. ಅವತ್ತು ಚಿತ್ರ ತೆಗೆಯೋ ಕೆಲಸಾನೇ ಇರಲಿಲ್ಲ ಮದಾಮ್," ಎಂದು ಮ್ಯಾನೇಜರು ಟೊಪ್ಪಿ ತೆಗೆದು ಹೇಳಿದ್ದ. ಅವಳು ನಂಬಿದ್ದಳು.

ಆ ದಿನ ಬಂದ ರೀಲಿನಲ್ಲಿ ಶತ್ರುಗಳಿಂದ ತಪ್ಪಿಸಿಕೊಳ್ಳುವ ಒಬ್ಬ ಸರದಾರನಿದ್ದ. ಅವನ ಮೇಲಂಗಿಗೆ ಕೆಂಪು. ಹಲಗೆಯಲ್ಲಿ ಕಟ್ಟಿದ ಕೋಟೆಯ ಬುರುಜು ಹತ್ತಿ ನಿಂತ ಸರದಾರ ಮುಂಗೈ ಮಗುಚಿ ಮೂಗು ಒರೆಸಿಕೊಂಡ. ಕ್ಲೆಮಾನ್ಸಳ ಕುಂಚ ನಿಂತಿತು. ಮಾಡು ಹತ್ತುವ ಮುಂಚೆ ಪ್ರತಿ ಸಲ ಹೀಗೆ ಒರೆಸಿಕೊಳ್ಳುತ್ತಿದ್ದವನು ಒಬ್ಬನೇ.

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ನಗು. ಪಕ್ಕದಲ್ಲಿ ಹಸಿರು ಹಚ್ಚುತ್ತಿದ್ದ ಗೆಳತಿ ಲಿಯೊನಿಯನ್ನು ತಿವಿದಳು. "ನೋಡೇ ಇಲ್ಲಿ, ನಮ್ಮವನು ಕಣೇ!"

ಲಿಯೊನಿ ಬಗ್ಗಿ ನೋಡಿದಳು. "ಅಯ್ಯೋ, ಹೌದಲ್ಲೇ! ಗಡ್ಡ ಅಂಟಿಸ್ಕೊಂಡು ಎಷ್ಟು ಜಂಬ ನೋಡು ಇವನಿಗೆ!"

ಜೀವಂತ ಗಂಡನನ್ನು ಮತ್ತೆ ಕಂಡ ಸಡಗರದಲ್ಲಿ ಕ್ಲೆಮಾನ್ಸ್ ಬೇಗ ಬೇಗ ಬಣ್ಣ ಹಚ್ಚಿದಳು. ತಿಯೊದೂಲ್ ಮೊಣಕಾಲು ಬಗ್ಗಿಸಿದ. ಜಿಗಿದ. ಮೇಲಂಗಿಯ ತುದಿ ಹಲಗೆಯ ಮೊಳೆಗೆ ಸಿಕ್ಕಿತು. ಅವನ ಮೈ ಗಾಳಿಯಲ್ಲೇ ತಿರುಗಿತು. ಕೆಳಗೆ ಹುಲ್ಲಿನ ಗಾಡಿ ಒಂದು ಪಕ್ಕಕ್ಕಿತ್ತು, ಅವನು ಇನ್ನೊಂದು ಪಕ್ಕಕ್ಕೆ ಬರುತ್ತಿದ್ದ. ಒಂದೊಂದು ಚಿತ್ರಕ್ಕೂ ಒಂದಿಷ್ಟು ಕೆಳಗೆ. ಅವಳ ಕೈ ರೂಢಿಯಂತೆ ಹಚ್ಚುತ್ತಲೇ ಇತ್ತು. ಕೊನೆಗೆ ಅವನು ಚಪ್ಪಡಿಯ ಮೇಲೆ ಬಿದ್ದಿದ್ದ, ಕತ್ತು ಹೊರಳಬಾರದ ಕಡೆಗೆ ಹೊರಳಿತ್ತು.

ಅದರ ಮುಂದಿನ ಚಿತ್ರದಲ್ಲಿ ಸರದಾರ ಎದ್ದು ಕೂತಿದ್ದ. ಅದೇ ಗಡ್ಡ, ಅದೇ ಮೇಲಂಗಿ. ಮನುಷ್ಯ ಬೇರೆ. ಅವನು ಮೈಯ ಧೂಳು ಕೊಡವಿ, ಟೊಪ್ಪಿ ಬೀಸಿ, ಓಡಿಹೋದ.

ಕ್ಲೆಮಾನ್ಸ್ ಎದ್ದಳು. ರೀಲನ್ನು ಹಿಡಿದುಕೊಂಡೇ ಅಂಗಳ ದಾಟಿ ಮ್ಯಾನೇಜರನ ಕೋಣೆಗೆ ಹೋದಳು. "ಇದು ಏಣಿಯಾ ಸ್ವಾಮಿ?"

ಅವನು ರೀಲನ್ನು ನೋಡಿದ, ಅವಳನ್ನು ನೋಡಲಿಲ್ಲ. "ಕೂತ್ಕೊಳ್ಳಿ ಮದಾಮ್. ನೋಡಿ, ಅಂಥ ಜಿಗಿತ ಮತ್ತೆ ಸಿಗ್ತಿರಲಿಲ್ಲ. ಜನರ ಪಾಲಿಗೆ ನಿಮ್ಮ ಯಜಮಾನ್ರು ಸಾಯೋದೇ ಇಲ್ಲವಲ್ಲ? ಎದ್ದು ಓಡ್ತಾರೆ."

"ಕತ್ತರಿಸಿ ತೆಗೀರಿ ಅದನ್ನ."

"ಎಲ್ಲೆಲ್ಲಿ ಅಂತ ಕತ್ತರಿಸಲಿ? ಬಣ್ಣ ಇಲ್ಲದ ಪ್ರತಿಗಳು ಆಗ್ಲೇ ಲಂಡನ್ನಿಗೆ ಹೋಗಿವೆ, ಬ್ರಸೆಲ್ಸಿಗೆ ಹೋಗಿವೆ, ಜಾತ್ರೆ ಡೇರೆಗಳಿಗೆ ಹೋಗಿವೆ."

ಅವಳು ರೀಲನ್ನು ಮೇಜಿನ ಮೇಲಿಟ್ಟಳು. ಒಂದು ಸಲ ಸತ್ತವನಿಗೆ ಅತ್ತು ಮುಗಿಸಿದ್ದಳು. ಕಂಡರಿಯದ ಊರುಗಳಲ್ಲಿ ದಿನವೂ ಬೀಳುತ್ತಿರುವವನಿಗೆ ಹೇಗೆ ಅಳುವುದು?

ವಿಷಯ ತಿಳಿದ ಹೆಂಗಸರು ಕುಂಚ ಕೆಳಗಿಟ್ಟರು. ಆ ರೀಲನ್ನು ಯಾರೂ ಮುಟ್ಟುವುದಿಲ್ಲವೆಂದು ಲಿಯೊನಿ ಮೇಲ್ವಿಚಾರಕಿಯ ಮುಖಕ್ಕೇ ಹೇಳಿದಳು. ಮ್ಯಾನೇಜರು ರೀಲನ್ನು ಇನ್ನೊಂದು ಕಾರ್ಖಾನೆಗೆ ಕಳಿಸಿದ.

ಭಾನುವಾರ ಮಧ್ಯಾಹ್ನ ಕ್ಲೆಮಾನ್ಸ್ ಜಾತ್ರೆಯ ಸಿನಿಮಾ ಡೇರೆಗೆ ಹೋದಳು. ಲಿಯೊನಿ ಬೇಡವೆಂದರೂ ಕೇಳದೆ, ಕೊನೆಗೆ ಅವಳನ್ನೂ ಎಳೆದುಕೊಂಡು. ಒಳಗೆ ಕಿತ್ತಳೆ ಸಿಪ್ಪೆಯ ವಾಸನೆ, ಮಕ್ಕಳ ಗಲಾಟೆ, ಮೂಕಚಿತ್ರಕ್ಕೆ ಜೊತೆಯಾಗಿ ಬಾರಿಸುತ್ತಿದ್ದ ಪಿಯಾನೊ. ಪರದೆಯ ಮೇಲೆ ತಿಯೊದೂಲ್ ಮನೆಯೆತ್ತರ ನಿಂತು ಮೂಗೊರೆಸಿಕೊಂಡ. ಜಿಗಿದ. ಡೇರೆಗೆ ಡೇರೆಯೇ ಉಸಿರು ಬಿಗಿಹಿಡಿಯಿತು. ಕೈಚೀಲ ತಬ್ಬಿದ್ದ ಪಕ್ಕದ ಮುದುಕಿ, "ಅಯ್ಯೋ ದೇವ್ರೇ!" ಎಂದಳು. ಮರುಕ್ಷಣ ಸರದಾರ ಎದ್ದ. ಚಪ್ಪಾಳೆ ಸಿಡಿಯಿತು.

"ಸದ್ಯ, ಏನೂ ಆಗ್ಲಿಲ್ಲ!" ಮುದುಕಿ ಎದೆ ಸವರಿಕೊಂಡಳು.

ಕ್ಲೆಮಾನ್ಸ್ ಎದ್ದು ನಿಂತಳು. "ಅವನು ಏಳಲಿಲ್ಲ!"

"ಕೂತ್ಕೊಳ್ಳಮ್ಮಾ, ಅಡ್ಡ ಬರಬೇಡ!" ಹಿಂದಿನಿಂದ ಯಾರೋ ಕೂಗಿದರು. ಕೆಲವರು ನಕ್ಕರು.

"ಏಳಲಿಲ್ಲ ಅವನು! ನನ್ನ ಗಂಡ ಅದು. ತಿಯೊದೂಲ್ ಅಂತ. ಅಲ್ಲೇ ಸತ್ತ. ಓಡಿದವನು ಬೇರೆ!"

ಪಿಯಾನೊ ನಿಂತಿತು. ಪರದೆಯ ಮೇಲೆ ಸರದಾರ ಸದ್ದಿಲ್ಲದೆ ಓಡುತ್ತಲೇ ಇದ್ದ. ಅವನನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಇವಳತ್ತ ತಿರುಗಿದ್ದರು. ಮುದುಕಿ ಚಪ್ಪಾಳೆ ತಟ್ಟಿದ್ದ ತನ್ನ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡಳು.

ಡೇರೆಯ ಯಜಮಾನ ಅಂದು ಆ ರೀಲನ್ನು ಮತ್ತೆ ಹಾಕಲಿಲ್ಲ. ಮುಂದಿನ ಭಾನುವಾರ ಹಾಕಿದ. ಜನ ಹಿಂದಿಗಿಂತ ಹೆಚ್ಚು ಬಂದಿದ್ದರು.