‘ಹೆಚ್ಚೇನಿಲ್ಲ’ ಎಂದ ಸುಲೋ

ಸುಲೋ ಕರ್ಪಿನೆನ್ ಹೆಸರನ್ನು ನಮ್ಮ ಚರ್ಚಿನ ಅಂಗಳದ ಕಲ್ಲಿನಲ್ಲಿ ಕೊರೆದಿದ್ದಾರೆ. ವರ್ಷಕ್ಕೊಮ್ಮೆ ಎಲ್ಲರೂ ಅಲ್ಲಿ ಸೇರಿದಾಗ ಪಾದ್ರಿಗಳು ನನ್ನ ಕಡೆ ಕೈ ತೋರಿಸಿ, “ಮೂವರನ್ನು ಉಳಿಸಿ ತಾನು ಹೋದ. ಆ ಮೂವರಲ್ಲಿ ನಮ್ಮ ಈವರಿಯೂ ಒಬ್ಬ” ಎನ್ನುತ್ತಾರೆ. ಜನ ನನ್ನನ್ನು ನೋಡುತ್ತಾರೆ, ನಾನು ನನ್ನ ಬೂಟು ನೋಡಿಕೊಳ್ಳುತ್ತೇನೆ. ಸುಲೋ ಧೀರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನನ್ನು ಶತ್ರುವಿನ ಗುಂಡು ಕೊಂದಿತು ಎನ್ನುತ್ತಾರಲ್ಲ, ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಹೇಳಲು ನನಗೆ ಇಷ್ಟು ವರ್ಷ ಬಾಯಿ ಬಂದಿಲ್ಲ.

ಸಾವಿರದ ಒಂಬೈನೂರ ನಲವತ್ತನೇ ಇಸವಿಯ ಫೆಬ್ರವರಿ. ನಮ್ಮ ದೇಶದ ಮೇಲೆ ದಂಡೆತ್ತಿ ಬಂದಿದ್ದ ರಷ್ಯನ್ನರು ಎದುರಿನ ದಿಬ್ಬದ ಮೇಲೆ ಮೆಷಿನ್‌ಗನ್ ಇಟ್ಟುಕೊಂಡು ಕೂತಿದ್ದರು. ನಮ್ಮ ತುಕಡಿ ಕಾಡಿನ ಅಂಚಿನಲ್ಲಿ. ನಡುವೆ ಹೆಪ್ಪುಗಟ್ಟಿದ ಜೌಗು ಬಯಲು, ಒಂದು ಪೊದೆಯ ಮರೆಯೂ ಇಲ್ಲ. ಆ ಬಯಲಿನೊಳಗೆ, ಕಾಡಿನಿಂದ ಮುನ್ನೂರು ಹೆಜ್ಜೆ ಮುಂದೆ ತೋಡಿದ್ದ ಕಾವಲು ಗುಂಡಿಯಲ್ಲಿ ನಾವು ಮೂವರಿದ್ದೆವು: ಸಾರ್ಜೆಂಟ್ ಹುಸ್ಕೊ, ಬಾಯಿಬಡುಕ ಯಾಲ್ಮರಿ ಮತ್ತು ನಾನು. ಹಾಡುಹಗಲೇ ಒಂದು ಷೆಲ್ ಬಂದು ಬಿತ್ತು. ಹುಸ್ಕೊನ ಎರಡೂ ಕಾಲು ನುಚ್ಚುನೂರಾದವು, ಯಾಲ್ಮರಿಯ ಎದೆಗೆ ಚೂರು ಹೊಕ್ಕಿತು. ನನ್ನ ಮೀನಖಂಡ ಸೀಳಿತು, ಬರೀ ಮಾಂಸ, ಮೂಳೆಗೆ ಏನೂ ಆಗಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನಾನಂತೂ ಮರೆತಿಲ್ಲ.

ಕತ್ತಲಾಗುವ ತನಕ ಯಾರೂ ಬಯಲಿಗೆ ಇಳಿಯಬಾರದು ಎಂದು ಲೆಫ್ಟಿನೆಂಟ್ ಅಪ್ಪಣೆ ಕೊಟ್ಟರಂತೆ. ಮೈನಸ್ ಮೂವತ್ತೈದರ ಚಳಿ. “ಕತ್ತಲಾಗೋ ಹೊತ್ತಿಗೆ ಮೂರು ಮರದ ದಿಮ್ಮಿ ಸಿಗ್ತಾವೆ” ಎಂದು ಸುಲೋ ಜಾರುಬಂಡಿಯ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡನಂತೆ. ಇಪ್ಪತ್ತರ ಹುಡುಗ. ಊರಲ್ಲಿ ಕಾಡಿನಿಂದ ದಿಮ್ಮಿ ಎಳೆಯುತ್ತಿದ್ದ, ಸೈನ್ಯದಲ್ಲಿ ಗಾಯಾಳುಗಳನ್ನು ಜಾರುಬಂಡಿಯಲ್ಲಿ ಎಳೆಯುತ್ತಿದ್ದ. ಸಣ್ಣ ದೋಣಿಯಂಥ ಆ ಬಂಡಿಯಲ್ಲಿ ಒಬ್ಬ ಮಲಗಬಹುದು ಅಷ್ಟೆ. ಮಾತು ಕಡಿಮೆ. ನಮ್ಮ ಊರಲ್ಲಿ ಎಲ್ಲರದೂ ಕಡಿಮೆಯೇ, ಅವನದು ನಮಗೂ ಕಡಿಮೆ ಎನ್ನಿಸುವಷ್ಟು. ಯಾಲ್ಮರಿ ಅವನನ್ನು ‘ಭಾಷಣಕಾರ’ ಎಂದೇ ಕರೆಯುತ್ತಿದ್ದ.

ಹೊಟ್ಟೆಯ ಮೇಲೆ ತೆವಳಿಕೊಂಡು ಬಂದ ಅವನನ್ನು ಕಂಡು ಯಾಲ್ಮರಿ ಬಾಯಲ್ಲಿ ರಕ್ತ ತುಂಬಿಕೊಂಡೇ ನಕ್ಕ. “ಬಂದ್ಯಾ ಭಾಷಣಕಾರ? ದಾರೀಲಿ ಭಾಷಣ ಗೀಷಣ ಮಾಡಬೇಡ ಕಣೋ, ಸತ್ತೇಹೋಗ್ತೀನಿ.”

“ಬಾಯ್ಮುಚ್ಚಿ ಮಲಕ್ಕೊ” ಎಂದ ಸುಲೋ. ಅವನನ್ನು ಎಳೆದುಕೊಂಡು ಹೋದ. ಗುಂಡುಗಳು ಅವರ ಸುತ್ತ ಹಿಮ ಎಬ್ಬಿಸುತ್ತಲೇ ಇದ್ದವು.

ಎರಡನೇ ಸಲ ಬಂದಾಗ ನಾನು ಕಿರುಚಿದೆ. “ನನ್ನನ್ನ ಕರ್ಕೊಂಡು ಹೋಗೋ! ಸುಲೋ, ನಿನ್ ಕಾಲಿಗೆ ಬೀಳ್ತೀನಿ, ನನ್ನನ್ನ!” ಪಕ್ಕದಲ್ಲಿ ಹುಸ್ಕೊ ಕಾಲಿಲ್ಲದೆ ಬಿದ್ದಿದ್ದ, ತುಟಿ ಪಿಟಕ್ಕೆನ್ನದೆ. ಸುಲೋ ಅವನನ್ನೇ ಎತ್ತಿ ಹಾಕಿಕೊಂಡ. “ಮತ್ತೆ ಬರ್ತೀನಿ” ಎಂದ. ಬಯಲಿನ ನಡುವೆ ಅವನು ಒಮ್ಮೆ ಮಂಡಿಯೂರಿ ಕೂತದ್ದನ್ನು ನೋಡಿದೆ. ಜಾರಿರಬೇಕು ಎಂದುಕೊಂಡೆ. ಆಮೇಲೆ ಎದ್ದು ಎಳೆದ.

ಮೂರನೇ ಸಲ ಅವನು ಬರಲು ಬಹಳ ಹೊತ್ತು ಹಿಡಿಯಿತು. ಬಿಳಿ ನಿಲುವಂಗಿ ಹೊಟ್ಟೆಯ ಹತ್ತಿರ ಕೆಂಪಾಗಿ ಗಟ್ಟಿಯಾಗಿತ್ತು. ಮುಖದಲ್ಲಿ ಬಣ್ಣವಿರಲಿಲ್ಲ.

“ನಿಂಗೇನಾದ್ರೂ ಆಯ್ತಾ?” ಎಂದೆ.

“ಹೆಚ್ಚೇನಿಲ್ಲ.”

ನಮ್ಮ ಕಡೆ ಎಲ್ಲದಕ್ಕೂ ಇದೇ ಉತ್ತರ. ಕೊಟ್ಟಿಗೆ ಸುಟ್ಟುಹೋದರೂ ಹೆಚ್ಚೇನಿಲ್ಲ, ಹೆಂಡತಿ ಸತ್ತರೂ ಹೆಚ್ಚೇನಿಲ್ಲ. ನನಗದು ಗೊತ್ತಿರಲಿಲ್ಲವೇ? ಹಾಲು ಕುಡಿಯುವಾಗಿನಿಂದ ಕೇಳಿ ಬೆಳೆದವನು ನಾನು. ಆದರೂ ಆ ರಕ್ತ ಹುಸ್ಕೊನದು ಎಂದು ನನಗೆ ನಾನೇ ಹೇಳಿಕೊಂಡು ಬಂಡಿಯಲ್ಲಿ ಮಲಗಿಬಿಟ್ಟೆ. ತೆವಳಬಹುದಿತ್ತು. ಅವನ ಪಕ್ಕದಲ್ಲೇ ತೆವಳಿಕೊಂಡು ಬರಬಹುದಿತ್ತು. ಅವನು ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ, ನಾನು ಆಕಾಶ ನೋಡುತ್ತಾ “ಬೇಗ ಕಣೋ, ಬೇಗ” ಎನ್ನುತ್ತಿದ್ದೆ.

ಕಾಡಿನ ಅಂಚಿನಲ್ಲಿ ಕುದುರೆಗಾಡಿ ಹೊರಡಲು ಸಿದ್ಧವಾಗಿ ನಿಂತಿತ್ತು. ಒಳಗೆ ಯಾಲ್ಮರಿ, ಹುಸ್ಕೊ. ಇನ್ನೊಬ್ಬನಿಗೆ ಮಾತ್ರ ಜಾಗವಿತ್ತು.

“ಸುಲೋ, ನೀನು ಹೆಂಗಿದ್ದೀಯೋ?” ಎಂದು ಕೇಳಿದರು ಡಾಕ್ಟರರ ಸಹಾಯಕರು.

“ಹೆಚ್ಚೇನಿಲ್ಲ. ಇವನನ್ನ ಹತ್ತಿಸಿ.”

ಅವರೂ ನಮ್ಮ ಊರಿನವರೇ. ಆ ಮಾತನ್ನು ನಂಬಿದರು, ಅಥವಾ ಕುದುರೆ ಚಳಿಗೆ ಒದ್ದಾಡುತ್ತಿದ್ದುದರಿಂದ ನಂಬುವುದು ಸುಲಭವಾಯಿತು. ಅಂಗಿಯ ಕೆಂಪನ್ನು ಹತ್ತಿರದಿಂದ ಕಂಡವನು ನಾನೊಬ್ಬನೇ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಗುಂಡಿಯಲ್ಲಿ ಕಿರುಚಿದ ಬಾಯಿ ಆಗ ಮುಚ್ಚಿಕೊಂಡಿತು. ಗಾಡಿ ಹೊರಟಿತು. ಸುಲೋ ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆಂದು ಮರಕ್ಕೆ ಬೆನ್ನು ಕೊಟ್ಟು ಕೂತನಂತೆ. ಗಾಡಿ ಅವನ ಹತ್ತಿರ ವಾಪಸು ಹೋಗುವಷ್ಟರಲ್ಲಿ ಕೂತಲ್ಲೇ ಸೆಟೆದುಕೊಂಡಿದ್ದನಂತೆ. ಒಂದು ಗಂಟೆ ಮೊದಲು ತಂದಿದ್ದರೆ ಹೊಟ್ಟೆ ಹೊಲಿಯುತ್ತಿದ್ದೆ ಎಂದರಂತೆ ಡಾಕ್ಟರು. ನನ್ನ ಕಾಲು ಎರಡು ವಾರಕ್ಕೆ ವಾಸಿಯಾಯಿತು, ಕುಂಟು ಸಹ ಉಳಿಯಲಿಲ್ಲ.

ನಾವು ಸತ್ತವರನ್ನು ಸತ್ತಲ್ಲೇ ಹೂಳುವುದಿಲ್ಲ, ಊರಿಗೆ ತರುತ್ತೇವೆ. ಸುಲೋನನ್ನೂ ತಂದರು. ಮಣ್ಣು ಮಾಡಿದ ಮಾರನೆಯ ದಿನ ಅವನ ತಾಯಿ ಲೂವಿಸಾಳನ್ನು ನೋಡಲು ಹೋದೆ. ಅಡುಗೆಮನೆಯ ಬೆಂಚಿನ ಮೇಲೆ ಕೂರಿಸಿದಳು. ಅಳುತ್ತಿರಲಿಲ್ಲ.

“ನಿನ್ನನ್ನೇ ಅಲ್ವಾ ಅವನು ಕೊನೇಗೆ ಎಳ್ಕೊಂಡು ಬಂದಿದ್ದು?”

“ಹೂಂ, ಯಜಮಾನ್ತಿ.”

“ಆಗಲೇ ಅವನಿಗೆ ಏಟು ಬಿದ್ದಿತ್ತಂತೆ.”

“ಬಿದ್ದಿತ್ತು.”

“ನೀನು ಕೇಳಿದ್ಯಾ, ಏನಾಯ್ತು ಅಂತ?”

“ಕೇಳ್ದೆ. ಹೆಚ್ಚೇನಿಲ್ಲ ಅಂದ.”

ಅವಳು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡಳು. “ಎಷ್ಟು ಸಲ ಕೇಳಿದೆ?”

ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. “ಒಂದ್ಸಲ.”

“ಒಂದೇ ಸಲವಾ” ಎಂದಳು. ಗದರಲಿಲ್ಲ. “ಏಳು ವರ್ಷದವನಿದ್ದಾಗ ಕೈ ಮುರ್ಕೊಂಡು ಬಂದಿದ್ದ. ಮೂರನೇ ಸಲ ಕೇಳಿದ್ಮೇಲೆ ಹೇಳ್ದ. ಯಾವಾಗ್ಲೂ ಹಂಗೇ. ಮೂರನೇ ಸಲ ಕೇಳಿದ್ರೆ ಹೇಳ್ತಿದ್ದ ಕಣಪ್ಪ.”

ಆ ಕ್ಷಣ ಆ ಬಯಲಿನಲ್ಲೇ ಸಾಯಬೇಕಿತ್ತು ಎನ್ನಿಸಿತು, ಈಗಲೂ ಅನ್ನಿಸುತ್ತದೆ.

ಅವಳು ಎದ್ದು ಒಲೆಯ ಮೇಲಿದ್ದ ಕಾಫಿ ಪಾತ್ರೆಯನ್ನು ಕೈಗೆತ್ತಿಕೊಂಡಳು. “ಕಾಫಿ ಕುಡೀತೀಯಾ?”

“ಬೇಡ ಯಜಮಾನ್ತಿ, ನಿಮಗ್ಯಾಕೆ ತೊಂದ್ರೆ” ಎಂದೆ. ನಮ್ಮಲ್ಲಿ ಯಾರ ಮನೆಗೆ ಹೋದರೂ ಮೊದಲು ಹಾಗೇ ಅನ್ನಬೇಕು. ಅವರು ಮತ್ತೆ ಕೇಳಬೇಕು, ನಾವು ಮತ್ತೆ ಬೇಡ ಅನ್ನಬೇಕು. ಮೂರನೇ ಸಲಕ್ಕೆ ಸರಿ ಎಂದು ಬಟ್ಟಲು ಹತ್ತಿರ ಎಳೆದುಕೊಳ್ಳುವುದು. ಮೊದಲ ‘ಬೇಡ’ವನ್ನು ನಂಬಿದ ಒಬ್ಬ ಹೆಂಗಸೂ ನಮ್ಮ ಊರಲ್ಲಿಲ್ಲ.

ಕಾದೆ. ಲೂವಿಸಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ಪಾತ್ರೆಯನ್ನು ಹಾಗೇ ಒಲೆಯ ಮೇಲೆ ವಾಪಸಿಟ್ಟು, ಕಿಟಕಿಯ ಕಡೆ ತಿರುಗಿ ಕೂತಳು.