ಚೆರ್ರಿ ಹಲಗೆಯ ಮಚ್ಚೆ

ಜಪಾನಿನ ಎದೊ ನಗರದಲ್ಲಿ ಗೆನ್‌ಪಾಚಿಯಂಥ ಕೆತ್ತನೆಗಾರ ಹಿಂದೆ ಹುಟ್ಟಿರಲಿಲ್ಲ. ಮುಂದೆ ಹುಟ್ಟಿದರೆ ನನ್ನ ಮೀಸೆ ಬೋಳಿಸಿ. ಸೊಳ್ಳೆಯ ಕಾಲಿನ ರೋಮವನ್ನು ನಾಲ್ಕಾಗಿ ಸೀಳಿ, ನಾಲ್ಕಕ್ಕೂ ಬೈತಲೆ ತೆಗೆಯುತ್ತಿದ್ದ. ನಾಟಕದವರ ಚಿತ್ರ ಅಚ್ಚು ಹಾಕಲು ಅವನು ಕೆತ್ತಿದ ಹಲಗೆಗಳನ್ನು ಪೇರಿಸಿದ್ದರೆ ಫುಜಿ ಬೆಟ್ಟವೇ ಕತ್ತೆತ್ತಿ ನೋಡಬೇಕಿತ್ತು. ಆದರೆ ಅಷ್ಟರಲ್ಲೂ ಇದ್ದದ್ದು ಒಂದೇ ಮುಖ: ಅದೇ ಮೂಗು, ಅದೇ ಮೆಳ್ಳೆಗಣ್ಣು. ನಟ ಯಾರೆಂದು ಹೇಳುತ್ತಿದ್ದದ್ದು ತೋಳಿನ ಮೇಲಿನ ಲಾಂಛನ ಮಾತ್ರ.

ನಟನಾಗಿದ್ದ ಅವನ ಮಗ ಸೊಮೆನೊಜೊ ಜ್ವರದಲ್ಲಿ ಸತ್ತ ಒಂಬತ್ತನೆಯ ದಿನ, ಅಚ್ಚಿನಂಗಡಿಯ ಯಜಮಾನ ಕ್ಯೂಬೆ ಮಗನ ಚಿತ್ರದ ಹಲಗೆಯನ್ನೇ ಹೊತ್ತು ತಂದ.

"ಬೇಜಾರು ಮಾಡ್ಕೋಬೇಡ ಗೆನ್‌ಪಾಚಿ. ನಿನ್ ಮಗನ ಪಾತ್ರ ಈಗ ಮಾನ್‌ಗೊರೊ ಮಾಡ್ತಾನೆ. ತೋಳಿನ ಆ ಜೋಡಿ ಬಾಣದ ಲಾಂಛನ ಅಗೆದು ಅವನ ಮೂರು ಚಿಪ್ಪು ಕೂರಿಸಿಬಿಡು."

"ಮುಖ?"

"ಮುಖಕ್ಕೇನಯ್ಯಾ? ಯಾರ್ದಾದ್ರೂ ನಡೆಯುತ್ತೆ. ನೀನೇ ಕೆತ್ತಿದ್ದಲ್ವಾ!"

"ನಾನು ಆಗಲ್ಲ ಅಂದ್ರೆ?"

"ಪಕ್ಕದ ಬೀದಿಯವನು ಮಾಡ್ತಾನೆ. ಅವನು ಉಳಿ ಹಿಡಿಯೋದು ಸೌದೆ ಒಡೆಯೋ ಹಾಗೆ."

ಗೆನ್‌ಪಾಚಿಗೆ ಆಗಲೇ ಹೊಳೆದದ್ದು: ಮಗನ ಮುಖ ಲೋಕದಲ್ಲಿ ಎಲ್ಲೂ ಉಳಿದಿಲ್ಲ. ಲಾಂಛನ ಅಗೆದ. ಹೊಸ ಮರದ ತುಂಡು ಬಿಗಿದು ಚಿಪ್ಪು ಕೆತ್ತಿದ. ಆಮೇಲೆ ಕಳ್ಳನ ಹಾಗೆ ಸುತ್ತ ನೋಡಿ, ಕೆನ್ನೆಯಲ್ಲಿ ಸೂಜಿಯಷ್ಟು ತೂತು ಕೊರೆದು, ಮಸಿ ಹಿಡಿದು ಚುಕ್ಕೆಯಾಗಿ ಅಚ್ಚಾಗಲೆಂದು ಮರದ ಬೆಣೆ ಬಡಿದ. ಸೊಮೆನೊಜೊನ ಎಡಗೆನ್ನೆಯ ಮಚ್ಚೆ. ಅಷ್ಟಾದರೂ ಉಳಿಯಲಿ. ಅಂಥ ಬೆಣೆ ಬಡಿಯಲು ದೇವತೆಗಳಿಗೂ ಮೂರು ಜನ್ಮ ಬೇಕು!

ಮೊದಲ ಪ್ರತಿಯನ್ನು ಹೆಂಡತಿ ಒಯೊನೆಯ ಮುಂದೆ ಹಿಡಿದ.

"ಮಚ್ಚೆ ನೋಡೇ. ನಮ್ ಹುಡುಗ."

ಅವಳು ಬಹಳ ಹೊತ್ತು ನೋಡಿದಳು. "ಅವನಿಗೆ ಎಡಗಡೆ ಅಲ್ವೇನ್ರೀ ಇದ್ದದ್ದು? ಇದು ಬಲಗೆನ್ನೆ."

ನಲವತ್ತು ವರ್ಷ ಚಿತ್ರಗಾರನ ಹಾಳೆಯನ್ನು ಹಲಗೆಗೆ ಬೋರಲಾಗಿ ಅಂಟಿಸಿ, ಕಂಡ ಗೆರೆಯ ಮೇಲೆ ಉಳಿ ಓಡಿಸಿದವನು ಅವನು. ಅಚ್ಚಾದಾಗ ಎಡಬಲ ತಿರುಗುವ ಲೆಕ್ಕವನ್ನು ಹಾಳೆಯೇ ನೋಡಿಕೊಳ್ಳುತ್ತಿತ್ತು. ಮಚ್ಚೆಗೆ ಹಾಳೆ ಇರಲಿಲ್ಲ. ಮಗ ಎದುರಿಗೆ ಕೂತಂತೆ ಕಂಡು, ಕಂಡ ಕಡೆಗೇ ಬಡಿದಿದ್ದ.

ಬೆಳಗಾಗುತ್ತಲೇ ಬೆಣೆ ಕೀಳಲು ಅಂಗಡಿಗೆ ಓಡಿದರೆ, ಪ್ರತಿಗಳು ಆಗಲೇ ಮಾರಾಟವಾಗುತ್ತಿದ್ದವು; ಕ್ಯೂಬೆ ಹಲಗೆಗೆ ಅಡ್ಡ ನಿಂತ. "ಮುಟ್ಟಬೇಡ ಮಾರಾಯ! ಹೆಂಗಸರು ಆ ಮಚ್ಚೆಗೆ ಮುಗಿಬಿದ್ದಿದ್ದಾರೆ. ಮಾನ್‌ಗೊರೊನೂ ಬಲಗೆನ್ನೆಗೆ ಮಸಿ ಇಟ್ಕೊಂಡೇ ರಂಗಕ್ಕೆ ಬರ್ತಾನಂತೆ."

ಮನೆಮನೆಯ ಗೋಡೆಯಲ್ಲೂ ಆ ಚಿತ್ರ ನೇತಾಡಿತು. ವರ್ಷ ತುಂಬುವ ಹೊತ್ತಿಗೆ, ಕಣ್ಣು ಮುಚ್ಚಿ ಮಗನನ್ನು ನೆನೆದರೂ ಗೆನ್‌ಪಾಚಿಗೆ ಮಚ್ಚೆ ಬಲಗೆನ್ನೆಯಲ್ಲೇ ಕಾಣುತ್ತಿತ್ತು.