ಇಂದ್ರಮ್ಮನ ಎಳ್ಳು ಸಂಡಿಗೆ

ಪಂಚೆಯ ಮೇಲೆ ಸಾಲಾಗಿ ಇಟ್ಟ ಸಂಡಿಗೆಗಳಲ್ಲೊಂದರ ಮೇಲೆ ಏನೋ ಕರ್ರಗೆ ಬಂದು ಕೂತಿತು, ಮಸಿ, ಎಂದುಕೊಳ್ಳುವ ಮೊದಲೇ ಯಶೋಧಳ ತೋರುಬೆರಳಿನ ಉಗುರು ಅತ್ತ ಹೋಗಿತ್ತು, ಅದು ಎದ್ದು ಹಾರಿಹೋಯಿತು, ನೊಣ, ಬರೀ ನೊಣ, ಅವಳಿಗೇ ನಗು ಬಂತು – ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವುದು ನಿಲ್ಲಿಸಿ ಯಾವ ಕಾಲವಾಯಿತು, ಆ ಚಿಮಣಿಯ ಬಾಯಲ್ಲಿ ಅರಳಿಗಿಡ ಹುಟ್ಟಿ ಈಗ ಗಿಳಿಗಳು ಕೂರುತ್ತವೆ, ಆದರೂ ಈ ಬೆರಳಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಬಿಸಿಲು ಚೆನ್ನಾಗಿದೆ, ಇವತ್ತೇ ಗರಿಗರಿ ಒಣಗಿಬಿಡುತ್ತವೆ, ಕಾಗೆ ಓಡಿಸಲು ಕೋಲು ಪಕ್ಕದಲ್ಲಿದೆ, ಹಿಂದೆ ಜಗುಲಿಯ ಮೇಲೆ ಪುಟ್ಟಸ್ವಾಮಿ ಪೇಪರನ್ನು ಮುಖದ ಮೇಲೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ, ಬಾಯ್ಲರಿನ ಪಕ್ಕ ದುಡಿದೂ ದುಡಿದೂ ಅರ್ಧ ಕಿವುಡಾದ ಗಂಡ, ಅವನೊಂದಿಗೆ ಜಗಳವಾಡಬೇಕೆಂದರೆ ಪ್ರತಿ ಮಾತನ್ನೂ ಎರಡೆರಡು ಸಲ ಹೇಳಬೇಕು, ಎರಡನೆಯ ಸಲಕ್ಕೆ ಸಿಟ್ಟೇ ಉಳಿದಿರುವುದಿಲ್ಲ, ಹಾಗಾಗಿ ಸಂಸಾರ ನೆಮ್ಮದಿಯಾಗಿ ನಡೆದುಬಿಟ್ಟಿದೆ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು, ಹೆಂಚು ಎರಡು ಕಡೆ ಸೋರುತ್ತದೆ, ಆದರೂ ಮನೆ ಮನೆಯೇ, ಬಾಗಿಲು ತೆರೆದರೆ ಕಾರ್ಖಾನೆ ಕ್ವಾರ್ಟರ್ಸ್ ಲೈನಿನ ಅಷ್ಟೂ ಮನೆಯ ಒಗ್ಗರಣೆ ಮೂಗಿಗೆ ಬರುತ್ತದೆ, ಇನ್ನೇನು ಬೇಕು ಎಂದುಕೊಂಡಿದ್ದಳು, ಮೊನ್ನೆ ತಿಮ್ಮೇಶ ಬರುವವರೆಗೂ.

ತಿಮ್ಮೇಶ, ಸೈಟು ಮನೆ ಕೊಡಿಸುವವನು, ಬೈಕನ್ನು ನಿಲ್ಲಿಸದೆ ಕಾಲೂರಿಕೊಂಡೇ ಮಾತಾಡುವವನು – ಯಶೋಧಕ್ಕ, ಇಂದ್ರಮ್ಮೋರು ಇರೋ ಆ ಮೂಲೆ ಮನೆ ಖಾತೆ ನಿಮ್ ಯಜಮಾನ್ರ ಹೆಸರಲ್ಲೇ ಅದೆ ಕಣಕ್ಕ, ನೀವಿರೋ ಈ ಮನೇನೇ ಇಂದ್ರಮ್ಮೋರ್ದು, ಆ ಮೂಲೆ ಮನೇಗೆ ಎರಡು ಕಡೆ ರಸ್ತೆ ಬಂದದೆ, ಇದರ ಎರಡರಷ್ಟು ಬೆಲೆ, ಮೈಸೂರಿನ ಪಾರ್ಟಿ ಕಾಯ್ತಾವ್ರೆ, ಗುರುವಾರ ಸಾಯಂಕಾಲ ಬತ್ತೀನಿ, ಒಂದ್ ಮಾತು ಹೇಳ್ಬುಡಿ. ಇವತ್ತೇ ಗುರುವಾರ. ಅವನು ಹೇಳಿದ್ದೇನೂ ಹೊಸದಲ್ಲ, ಲೈನಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, ಗೊತ್ತಿದ್ದೂ ಮರೆತದ್ದು. ಕಾರ್ಖಾನೆ ಮುಚ್ಚಿದಾಗ ಬಾಕಿ ಸಂಬಳದ ಬದಲು ಮನೆಗಳನ್ನೇ ಬರೆದುಕೊಟ್ಟರು, ಯಾರಿಗೆ ಮೊದಲು ಯಾವ ನಂಬರು ಕೊಟ್ಟಿದ್ದರೋ ಆ ನಂಬರಿನ ಪ್ರಕಾರ, ನಾವು ಅದಲುಬದಲಾಗಿದ್ದೇವೆ ಸ್ವಾಮಿ ಎಂದು ಹೇಳಬೇಕೆಂದು ಅವಳಿಗೂ ಹೊಳೆಯಲಿಲ್ಲ, ಇಂದ್ರಕ್ಕನಿಗೂ ಹೊಳೆಯಲಿಲ್ಲ, ಎರಡೂ ಒಂದೇ ಅಳತೆ, ಒಂದೇ ಹೆಂಚು, ಆಗ ಆ ಮನೆಗಳನ್ನು ಬಿಟ್ಟಿ ಕೊಟ್ಟರೂ ಕೇಳುವವರಿರಲಿಲ್ಲ, ಎಷ್ಟೋ ಜನ ಬೀಗವನ್ನೂ ಹಾಕದೆ ಊರಿಗೆ ಹೊರಟುಹೋದರು. ಕಬ್ಬಿನ ಗಾಡಿ ಹೋಗುತ್ತಿದ್ದ ಆ ಕೊಚ್ಚೆದಾರಿ ದೊಡ್ಡ ರಸ್ತೆಯಾಗುತ್ತದೆ ಎಂದು ಯಾರು ಕಂಡಿದ್ದರು. ಈಗ ಅಲ್ಲಿ ಇಂದ್ರಕ್ಕನ ಮಗ ಶಶಿ ಮನೆಯ ಮುಂಭಾಗದಲ್ಲೇ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ, ಆ ಮನೆ ಹೋದರೆ ಅಂಗಡಿ ಎಲ್ಲಿ, ಈ ತುದಿಗೆ ಎತ್ತಿನಗಾಡಿ ಸಹ ಬರುವುದಿಲ್ಲ. ಸಾಯಂಕಾಲ ತಾನು ಹೂಂ ಅಂದರೆ ಸಾಕು – ಆ ಯೋಚನೆಗೇ, ಕಾಗೆಗೆಂದು ಎತ್ತಿಕೊಂಡ ಕೋಲು ಭಾರವಾಯಿತು.

ಆಸೆಯಾಗಲಿಲ್ಲವೆಂದರೆ ಸುಳ್ಳು. ನಾಗಮಂಗಲದಿಂದ ಮಗಳು ಸುಮ ಬೆಳಿಗ್ಗೆಯೂ ಫೋನ್ ಮಾಡಿದ್ದಳು, ಅವ್ವ, ನ್ಯಾಯವಾಗಿ ಅದು ನಮ್ದೇ ತಾನೆ, ಇಲ್ಲಿ ಓನರು ನಾವು ನಲ್ಲಿ ತಿರುಗ್ಸಿದ್ರೂ ಮೇಲಿಂದ ಬಗ್ಗಿ ನೋಡ್ತಾಳೆ, ಒಂದು ಸ್ವಂತ ಮನೆ ಅಂತ ಆದ್ರೆ ಸಾಕು, ಎಂದು, ಕೆಟ್ಟ ಹುಡುಗಿಯಲ್ಲ, ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವುದಕ್ಕೂ ಅಪ್ಪಣೆ ಕೇಳಿ ಸಾಕಾಗಿದೆ ಅವಳಿಗೆ, ಯಶೋಧಳ ಕಣ್ಣಿಗೂ ಒಂದು ಮನೆ ಕಟ್ಟಿಕೊಂಡಿತ್ತು, ಸೋರದ ತಾರಸಿ, ಅದರ ಮೇಲೆ ಸಂಡಿಗೆ, ಮಗಳು ಬಟ್ಟೆ ಹರವುತ್ತಿರುವುದು. ಅಪ್ಪನನ್ನು ಕೇಳವ್ವ ಎಂದಿದ್ದಳು, ಕೇಳಿದರೆ ಅವನು, ಎರಡು ಸಲ ಕೇಳಿಸಿಕೊಂಡು, ಮಾರಾದಾದ್ರೆ ನನ್ನೂ ಸೇರ್ಸಿ ಮಾರ್ಬುಡಮ್ಮಿ, ಹಳೇ ಕಬ್ಬಿಣ, ಏನಾರ ರೇಟು ಬಂದಾತು, ಎಂದು ಪೇಪರು ಮುಚ್ಚಿಕೊಂಡ. ಫೋನಿಡುವ ಮುಂಚೆ ಸುಮ, ಅವ್ವ, ಈ ಸಲ ಇಂದ್ರಮ್ಮತ್ತೆಯ ಎಳ್ಳು ಸಂಡಿಗೆ ಕಳ್ಸು, ನಿನ್ದ್ರಲ್ಲಿ ಎಳ್ಳೇ ಇರಲ್ಲ, ಎಂದಿದ್ದಳು – ಎಳ್ಳು ಸಂಡಿಗೆ, ಇಷ್ಟು ದೊಡ್ಡವಳಾದರೂ ಚಿಕ್ಕಂದಿನಲ್ಲಿ ತಿಂದದ್ದನ್ನೂ ಎಳ್ಳೆಂದೇ ನಂಬಿದ್ದಾಳೆ, ಕಳಿಸುತ್ತೇನೆ ಎಂದಷ್ಟೇ ಹೇಳಿ ಯಶೋಧ ಫೋನಿಟ್ಟಿದ್ದಳು.

ಸುಮ ಹುಟ್ಟಿದ ವರ್ಷದ ಕಬ್ಬಿನ ಸೀಸನ್ನು, ಕಾರ್ಖಾನೆಯ ಸೈರನ್ನು ಕೂಗಿದಾಗೆಲ್ಲ ಸುಮ ಬೆಚ್ಚಿ ಕೆಮ್ಮುತ್ತಿದ್ದಳು, ಎದೆಹಾಲಿನ ಕೂಸು, ಕೆಮ್ಮಿ ಕೆಮ್ಮಿ ತುಟಿ ನೀಲಿಯಾಗುತ್ತಿತ್ತು, ಚಿಮಣಿಯ ಗಾಳಿ ನೆಟ್ಟಗೆ ಆಗ ತಾವಿದ್ದ ಮೂಲೆ ಮನೆಗೇ ಬೀಸುತ್ತಿತ್ತು, ಗುಡಿಸಿದ ನೆಲ ತಿರುಗಿ ನೋಡುವಷ್ಟರಲ್ಲಿ ಕಪ್ಪು, ಕುಡಿಯುವ ನೀರಿನ ಮೇಲೆ ಕಪ್ಪು, ತೊಟ್ಟಿಲ ಮೇಲೆ ಸೀರೆ ಮುಚ್ಚಿದರೆ ಸೀರೆಯ ಮೇಲೆ ಕಪ್ಪು, ಪಾಂಡವಪುರದ ಡಾಕ್ಟರು ಮಸಿ ಬೀಳದ ಜಾಗಕ್ಕೆ ಹೋಗಿ ಎಂದುಬಿಟ್ಟರು, ಎಲ್ಲಿಗೆ ಹೋಗುವುದು, ಕ್ವಾರ್ಟರ್ಸ್ ಬದಲಿಸಿ ಎಂದು ಕೇಳಿದರೆ ಆಫೀಸಿನವರು ನಕ್ಕರು. ಅವತ್ತು ಇಂದ್ರಕ್ಕ ಪಾತ್ರೆಯ ಗಂಟನ್ನು ತಲೆಯ ಮೇಲೆ ಹೊತ್ತೇ ಬಂದಳು, ಲೈನಿನ ಈ ತುದಿಯಿಂದ, ಗೋಣಿ ಗೋಡೌನಿನ ಮರೆಯಲ್ಲಿ ಮಸಿಯೇ ಬೀಳದ ಈ ಮನೆಯಿಂದ, ಎಲೆಯಡಿಕೆ ಅಗಿಯುತ್ತ, ಏಳಮ್ಮಿ ಮ್ಯಾಕೆ, ನನ್ ಮನೇಗೆ ನೀನೋಗು, ನಿನ್ ಮನೇಲಿ ನಾನಿರ್ತೀನಿ, ನನ್ ಮಗ ಕಲ್ಲುಗುಂಡು ಇದ್ದಂಗವ್ನೆ. ಅಷ್ಟೇ. ಆಮೇಲೆ ಬೇಸಿಗೆ ಬೇಸಿಗೆಗೂ ಆ ಮೂಲೆ ಮನೆಯ ಮುಂದೆ ಕೂತು ಸಂಡಿಗೆ ಇಡುತ್ತಿದ್ದಳು, ಬೀಳುವ ಮಸಿ ಚೂರನ್ನು ಉಗುರಿನಲ್ಲಿ ಒಂದೊಂದೇ ಹೆಕ್ಕುತ್ತಿದ್ದಳು, ಯಶೋಧಳೂ ಹೋಗಿ ಜೊತೆಗೆ ಕೂತು ಹೆಕ್ಕುತ್ತಿದ್ದಳು, ಹೆಕ್ಕಿದಷ್ಟೂ ಬೀಳುತ್ತಿತ್ತು, ಕೊನೆಗೆ ಬಿಳಿ ಸಂಡಿಗೆಯ ತುಂಬ ಸಣ್ಣ ಸಣ್ಣ ಚುಕ್ಕೆ, ಇದೇನಕ್ಕ ಎಂದವರಿಗೆಲ್ಲ, ಎಳ್ಳು ಕಣ್ರವ್ವ, ಒಸಾ ತರ, ಎಂದು ತಾನೇ ಮೊದಲು ನಗುತ್ತಿದ್ದಳು, ಮಕ್ಕಳು ಅದನ್ನೇ ಬೇಡಿ ತಿನ್ನುತ್ತಿದ್ದವು. ಕಾರ್ಖಾನೆ ನಿಂತ ಮೇಲೂ ಮಕ್ಕಳು ಬಿಡಲಿಲ್ಲವೆಂದು ಈಗ ನಿಜವಾಗಿ ಎಳ್ಳು ಹಾಕುತ್ತಾಳೆ.

ಏನ್ ಒಬ್ಳೇ ನಗ್ತಾ ಕೂತಿದ್ದಿಯಮ್ಮಿ – ಇಂದ್ರಕ್ಕನೇ, ಸೆರಗನ್ನು ತಲೆಗೆ ಹೊದ್ದು, ಕೈಯಲ್ಲಿ ಎಳ್ಳು ಸಂಡಿಗೆಯ ಡಬ್ಬಿ, ಮಗೀಗೆ ಕಳ್ಸು ಇದ್ನ ಎಂದು ಡಬ್ಬಿಯನ್ನು ಪಕ್ಕಕ್ಕಿಟ್ಟು ಪಂಚೆಯ ಆಚೆ ಕೂತಳು, ಮೊಣಕಾಲು ಒತ್ತಿಕೊಂಡಳು, ಸ್ವಲ್ಪ ಹೊತ್ತು ಬಿಸಿಲಿನ ಮಾತಾಡಿದಳು, ಆಮೇಲೆ ಚಿಮಣಿಯ ಕಡೆ ನೋಡುತ್ತ, ತಿಮ್ಮೇಶ ಶಶಿ ತವೂ ಬಂದಿದ್ದ, ಶಶಿ ರೇಗಾಡ್ದ, ನಾನು ಸುಮ್ಕಿರ್ಲಾ ಅಂದೆ, ಅದು ನಿನ್ ಮನೆ ಕಣಮ್ಮಿ, ಸುಮೀಗೂ ಒಂದ್ ನೆಲೆ ಆಗ್ಲಿ, ನಿನ್ ಮನೇಗೆ ನೀನೋಗು, ನನ್ ಮನೇಗೆ ನಾನ್ ಬತ್ತೀನಿ. ಅದೇ ಮಾತು, ಅದೇ ಹಗುರ, ಎಲೆಯಡಿಕೆಯ ಅದೇ ವಾಸನೆ, ಯಶೋಧಳ ಕಣ್ಣೆದುರಿಂದ ತಾರಸಿ ಮನೆ ಜಾರಿಹೋಯಿತು, ಹೋದದ್ದಕ್ಕೆ ಬೇಜಾರೂ ಆಗಲಿಲ್ಲ, ಹೊಟ್ಟೆ ತುಂಬಿದ ಹಾಗಿತ್ತು. ಸಾಯಂಕಾಲ ತಿಮ್ಮೇಶ ಬರ್ಲಿ ಇಂದ್ರಕ್ಕ, ನಾಳೀಕೆ ಅವನ ಬೈಕಲ್ಲೇ ಇವ್ರುನ್ನ ರಿಜಿಸ್ಟ್ರಾಪೀಸ್ಗೆ ಕಳುಸ್ತೀನಿ, ನೀನಿರೋದು ನಿಂಗೆ, ನಾವಿರೋದು ನಮ್ಗೆ, ಅಂಗಂತ ಬರ್ಸ್ಬುಡಾನ. ಅಯ್ಯೋ ನಿನ್ ತಲೆ ಕೆಟ್ಟದಾ ಅಂದಳು ಇಂದ್ರಕ್ಕ, ಬೆಲೆ ಗೊತ್ತೇನಮ್ಮಿ ಅದಕ್ಕೆ ಅಂದಳು, ಗೊತ್ತು ಎಂದಳು ಯಶೋಧ. ಪುಟ್ಟಸ್ವಾಮಿ ಜಗುಲಿಯಿಂದ, ಏನಮ್ಮಿ, ಕಾಗೆ ಬಂತಾ, ಎಂದು ಕೂಗಿದ, ಇಲ್ಲ ಮಲಿಕ್ಕೊಳಿ, ಎರಡು ಸಲ ಹೇಳಿದಳು. ಸುಮಳಿಗೆ ರಾತ್ರಿ ಫೋನ್ ಮಾಡಬೇಕು, ಮುನಿಸಿಕೊಳ್ಳುತ್ತಾಳೆ, ಎರಡು ದಿನ ಮಾತಾಡುವುದಿಲ್ಲ, ಆಗಲಿ, ಆ ಎಳ್ಳು ಏನಾಗಿತ್ತೆಂದು ಹೇಳಿಬಿಡಬೇಕು, ಅವಳ ಎದೆಗೆ ಇಳಿಯಬೇಕಾಗಿದ್ದ ಮಸಿ ಎಲ್ಲಿ ಬಿತ್ತೆಂದು – ಅಷ್ಟರಲ್ಲಿ ಆ ನೊಣ ಮತ್ತೆ ಬಂದು ಸಂಡಿಗೆಯ ಮೇಲೆ ಕೂತಿತು, ಎದುರಿನಿಂದ ಇಂದ್ರಕ್ಕನ ಕೈ ತನ್ನಷ್ಟಕ್ಕೆ ತಾನೇ ಮುಂದೆ ಬಂತು, ಸುಕ್ಕುಬಿದ್ದ ಬೆರಳು, ಸವೆದ ಉಗುರು, ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ಒಂದು ಕಪ್ಪು ಗೆರೆ.